ಜೆನ್ನಾಳ ಒಪ್ಪತ್ತು

ಹಳದಿ ಬನಿಯನ್ನೊಂದು ಆ ಒಂಬತ್ತನ್ನು ಮುಚ್ಚಿಬಿಟ್ಟಿದೆ, ಬೆನ್ನ ಮೇಲಿನ ಬಿಳಿ ಒಂಬತ್ತು, ಎಷ್ಟು ಮೇಲಿನ ಮೆಟ್ಟಿಲಲ್ಲಿ ಕೂತರೂ ಕಣ್ಣಿಗೆ ಬೀಳುತ್ತಿದ್ದ ಒಂಬತ್ತು, ಈಗ ಬೆಂಚಿನ ಮೇಲೆ ಸಾಲಾಗಿ ಕೂತ ಐದು ಹಳದಿ ಬೆನ್ನುಗಳಲ್ಲಿ ತನ್ನ ಹುಡುಗಿ ಯಾವುದೆಂದು ಚನ್ನವೀರಮ್ಮ ಜಡೆ ನೋಡಿ ಗುರುತು ಹಿಡಿಯಬೇಕಾಯಿತು, ಎಳೆ ಮೆಕ್ಕೆಜೋಳದ ತೆನೆತುದಿಯ ಬಣ್ಣದ ಜಡೆ, ಬಳ್ಳಾರಿಗೆಲ್ಲ ಅದೊಂದೇ — ಹಳದಿ ಹಾಕಿಕೊಂಡವರು ಆಡುವವರಲ್ಲ, ಕಾಯುವವರು, ಅಷ್ಟು ಆಟ ಆಕೆಗೂ ಈಗ ಬರುತ್ತದೆ, ಹತ್ತು ತಿಂಗಳ ಕೆಳಗೆ ಫುಟ್‌ಬಾಲೆಂದರೆ ಚೆಂಡು ಒದೆಯುವುದು ಅಂತ ಮಾತ್ರ ಗೊತ್ತಿದ್ದ ಚನ್ನವೀರಮ್ಮ ಇವತ್ತು ಆಫ್‌ಸೈಡ್ ಅಂದರೇನೆಂದು ಬ್ರೂಸ್‌ಪೇಟೆಯ ಓಣಿಯಲ್ಲಿ ಯಾರಿಗೆ ಬೇಕಾದರೂ ಹಿಟ್ಟಿನ ಉಂಡೆ ಇಟ್ಟು ತೋರಿಸಿಯಾಳು — ಬಿಸಿಲೋ ಬಿಸಿಲು, ಶ್ರಾವಣ ಬರೀ ಹೆಸರಿಗೆ, ನಾಲ್ಕು ಗಂಟೆ ದಾಟಿದರೂ ಕ್ರೀಡಾಂಗಣದ ಕಲ್ಲು ಸೀರೆಯೊಳಗಿಂದ ಸುಡುತ್ತಿದೆ, ತೊಡೆಯ ಮೇಲೆ ರೊಟ್ಟಿಯ ಡಬ್ಬಿ, ಅದೂ ಬೆಚ್ಚಗೆ, ಎಡಕ್ಕೆ ಪಕ್ಕದ ಮನೆಯ ವೀರಭದ್ರಮ್ಮ, ಆಕೆಯ ಆಚೆ ಓಣಿಯ ಇನ್ನೂ ಆರು ಹೆಂಗಸರು, ಎರಡು ಆಟೋ ಮಾಡಿಕೊಂಡು ಬಂದಿದ್ದಾರೆ, ಆಟ ನೋಡಲಿಕ್ಕಲ್ಲ, ಶ್ರಾವಣ ಸೋಮವಾರ ಒಪ್ಪತ್ತು ಇರುವ ಅಮೆರಿಕದ ಹುಡುಗಿಯನ್ನು ನೋಡಲಿಕ್ಕೆ, ಅವರನ್ನು ಕರೆದವರು ಯಾರು, ತಾನೇ, ಬರ್ರಿ ಬರ್ರಿ ನಮ್ಮ ಹುಡುಗೀನ ನೋಡಿ ಬರೂಣು ಅಂತ ಮನೆಮನೆಗೆ ಹೋಗಿ ಕರೆದವಳು ತಾನೇ, ಈಗ ವೀರಭದ್ರಮ್ಮ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಕೇಳುತ್ತಿದ್ದಾಳೆ, ಯಾಕವಾ ಚನ್ನವೀರಮ್ಮ, ನಿಮ್ಮಾಕಿ ಆಡಾಕಿಲ್ಲೇನು, ಕುಂತೇ ಬಿಟ್ಟಾಳಲ್ಲ — ಆಡ್ತಾಳ ಆಡ್ತಾಳ, ಇನ್ನೂ ಟೈಮ್ ಐತಿ, ಅಂದಳು ಚನ್ನವೀರಮ್ಮ, ಬೆಳಿಗ್ಗೆಯಿಂದ ಆಕೆಯದೂ ಒಪ್ಪತ್ತು, ದೀಪ ಹಚ್ಚುವವರೆಗೆ ತುತ್ತಿಲ್ಲ.

ಎದುರು ಬದಿಯಲ್ಲಿ, ನೆರಳಿನ ಕಡೆ, ಬಿಳಿ ಟೋಪಿ ಹಾಕಿಕೊಂಡು ತೊಡೆ ಮೇಲೆ ಪುಸ್ತಕ ಇಟ್ಟುಕೊಂಡವನು ಪೋರ್ಚುಗಲ್ಲಿನವನು, ಅಲ್ಲಿಯ ಕ್ಲಬ್ಬಿಗೆ ಆಟಗಾರರನ್ನು ಆರಿಸುವವನು, ಇವತ್ತೊಂದೇ ದಿನ ನೋಡುತ್ತಾನಂತೆ, ನಾಳೆ ಬೆಳಿಗ್ಗೆ ಗೋವಾದ ರೈಲು ಹತ್ತುತ್ತಾನಂತೆ, ಅವನು ಮೆಚ್ಚಿದರೆ ಜೆನ್ನಾಗೆ ಪೋರ್ಚುಗಲ್ಲಿನ ಆ ಕ್ಲಬ್ಬಿನಲ್ಲಿ ಎರಡು ವರ್ಷ ಆಟ, ದೊಡ್ಡ ಆಟ, ಮೆಚ್ಚದಿದ್ದರೆ ತಿಂಗಳ ಕೊನೆಗೆ ವೀಸಾ ಮುಗಿಯುತ್ತದೆ, ಊರಿಗೆ ಹೋಗಿ ಸಾಲಿ ಮಕ್ಕಳಿಗೆ ಡ್ರಿಲ್ ಹೇಳಿಕೊಡುವ ಕೆಲಸ, ಚೆಂಡಿನ ಮಾತು ಅಲ್ಲಿಗೆ ಮುಗಿಯಿತು, ಇಪ್ಪತ್ತಮೂರಕ್ಕೇ ಮುಗಿಯಿತು — ಬೆಂಚಿನಲ್ಲಿ ಕೂತವಳನ್ನು ಅವನು ಹೇಗೆ ಮೆಚ್ಚಬೇಕು, ಕೂತಿರುವುದನ್ನು ಮೆಚ್ಚುತ್ತಾನೆಯೇ — ಹನ್ನೊಂದು ಮ್ಯಾಚಿಗೆ ಹನ್ನೆರಡು ಗೋಲು ಹೊಡೆದವಳು, ಚನ್ನವೀರಮ್ಮ ತನ್ನ ಖಾನಾವಳಿಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಟು ಹಾಕಿದ್ದಾಳೆ, ಹನ್ನೆರಡು ಗೀಟು, ಸುಣ್ಣ ಹೊಡೆಯುವವನು ಬಂದಾಗ ಅಷ್ಟು ಜಾಗ ಬಿಟ್ಟು ಹೊಡಿ ಅಂತ ಹೇಳಿದ್ದಳು, ಊಟಕ್ಕೆ ಬಂದವರು ಇದೇನಮ್ಮಾ ಅಂದರೆ ಸಾಕು, ಪಲ್ಯ ಬಡಿಸುತ್ತಾ ಒಂದೊಂದು ಗೀಟಿನ ಕಥೆ, ಇದು ಎಡಗಾಲಿಂದ, ಇದು ತಲಿಯಿಂದ, ಇದು ಮೂರು ಮಂದಿನ್ನ ದಾಟಿ, ಕೇಳುವವರ ಪಲ್ಯ ಆರಿಹೋಗುತ್ತಿತ್ತು, ಅವರಿಗೆ ಬೇಸರವಾದರೆ ಆಗಲಿ.

ಮೊದಲ ದಿನ, ನವೆಂಬರಿನಲ್ಲಿ, ಜೆನ್ನಾಳನ್ನು ಗಂಗೋತ್ರಿ ಕರೆದುಕೊಂಡು ಬಂದಿದ್ದಳು, ಬಾದನಹಟ್ಟಿಯ ಹುಡುಗಿ, ಅದೇ ತಂಡದಲ್ಲಿ ಎಡಗಡೆ ಓಡುವವಳು, ಇಬ್ಬರೂ ಮೇಲಿನ ಕೋಣೆಯಲ್ಲಿ ಬಾಡಿಗೆಗೆ, ಊಟ ಕೆಳಗೆ ಖಾನಾವಳಿಯಲ್ಲಿ — ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೊಸರು, ಹೇಗೆ ತಿನ್ನಬೇಕೆಂದು ಯಾರೂ ಹೇಳಲಿಲ್ಲ, ಅಮೆರಿಕದ ಹುಡುಗಿ ಒಣ ರೊಟ್ಟಿಯನ್ನು ಹಾಗೆಯೇ ಮುರಿದು ಬಾಯಿಗೆ ತುರುಕಿಕೊಂಡಿತು, ಒಂದು ಕೆನ್ನೆ ಉಬ್ಬಿತು, ಅಗಿಯುತ್ತಿದೆ, ಅಗಿಯುತ್ತಲೇ ಇದೆ, ಕಣ್ಣಲ್ಲಿ ನೀರು, ಆದರೂ ಬಿಡಲಿಲ್ಲ, ಉಗುಳಲಿಲ್ಲ, ನುಂಗಿಯೇ ನುಂಗಿತು, ನುಂಗಿ ಇನ್ನೊಂದು ಅಂದಿತು, ಬೆರಳು ತೋರಿಸಿ — ಆ ಉಬ್ಬಿದ ಕೆನ್ನೆ ನೋಡಿದ ಗಳಿಗೆಯಲ್ಲೇ ಚನ್ನವೀರಮ್ಮ ಸೋತಳು, ಗಂಡ ಗವಿಸಿದ್ದಪ್ಪ ಹೋದ ಮೇಲೆ ಖಾನಾವಳಿಯಲ್ಲಿ ಹದಿನಾಲ್ಕು ವರ್ಷ ರೊಟ್ಟಿ ಬಡಿದಿದ್ದಾಳೆ, ಎಂತೆಂಥವರು ತಿಂದು ಹೋದರು, ಹೀಗೆ ಹಟ ಹಿಡಿದು ತಿಂದವರಿಲ್ಲ — ಆಮೇಲೆ ಗಂಗೋತ್ರಿ ಒಂದೊಂದಾಗಿ ಹೇಳಿದಳು, ಐಯೋವಾ ಅಂತ ಊರಂತೆ, ನೋಡಿದಷ್ಟು ದೂರ ಮೆಕ್ಕೆಜೋಳವಂತೆ, ಕಾಲೇಜಿನಲ್ಲಿ ನಾಲ್ಕು ವರ್ಷಕ್ಕೆ ಅರವತ್ತೊಂದು ಗೋಲು, ಆದರೂ ಅವರ ದೇಶದ ದೊಡ್ಡ ಲೀಗಿನವರು ಆರಿಸಿಕೊಳ್ಳಲಿಲ್ಲ, ಕುಳ್ಳಿ ಅಂದರಂತೆ, ಇಷ್ಟುದ್ದದ ಹುಡುಗಿಗೆ ಕುಳ್ಳಿ ಅಂದರೆ ಅವರ ಮನೆಯ ಬಾಗಿಲು ಎಷ್ಟೆತ್ತರವೋ — ಅಲ್ಲಿಂದ ಐಸ್‌ಲ್ಯಾಂಡ್, ಹಿಮದ ಮೇಲೆ ಆಟ, ಆರು ತಿಂಗಳಿಗೆ ಆ ತಂಡ ಕೆಳಗಿನ ದರ್ಜೆಗೆ ಬಿತ್ತು, ಪರದೇಶದವರೆಲ್ಲ ನಡೆಯಿರಿ ಅಂದರು, ಆಗ ಯಾರೋ ಬಳ್ಳಾರಿ ಅಂದರಂತೆ, ನಕ್ಷೆಯಲ್ಲಿ ಹುಡುಕಿ ನೋಡಿತಂತೆ, ಬಂತು, ಒಂದು ಚೀಲ, ಎರಡು ಜೊತೆ ಬೂಟು, ಬಂದೇ ಬಂತು, ಇಂಥ ಎದೆಗಾರಿಕೆ ಯಾರಿಗಿದೆ, ಬ್ರೂಸ್‌ಪೇಟೆ ದಾಟಿ ಮೋತಿ ಸರ್ಕಲ್ಲಿಗೆ ಒಬ್ಬಳೇ ಹೋಗಲಿಕ್ಕೆ ವೀರಭದ್ರಮ್ಮನ ಸೊಸೆ ಅಂಜುತ್ತಾಳೆ.

ಡಿಸೆಂಬರಿನಲ್ಲಿ ತವರಿಗೆ ಕರೆದುಕೊಂಡು ಹೋಗಿದ್ದಳಲ್ಲ, ಸಿರುಗುಪ್ಪಕ್ಕೆ, ಬತ್ತ ಕೊಯ್ದು ಮುಗಿದಿತ್ತು, ತಮ್ಮ ಎರ್ರಣ್ಣ ಗದ್ದೆಯಲ್ಲಿ ನಿಂತಿದ್ದ, ಹುಡುಗಿ ಬೂಟು ಬಿಚ್ಚಿ ಕೂಳೆ ಗದ್ದೆಗೆ ಇಳಿದೇಬಿಟ್ಟಿತು, ಚುಚ್ತಾವವಾ ಕಾಲಿಗೆ, ಅಂತ ಎರ್ರಣ್ಣ ಕೂಗಿದರೂ ಕೇಳದೆ ಚೆಂಡು ಒದೆಯಿತು, ನಮ್ಮಪ್ಪನೂ ನಾನೂ ಹೀಗೇ ಕೊಯ್ದ ಹೊಲದಲ್ಲಿ ಆಡುತ್ತಿದ್ದೆವು ಅಂದಿತಂತೆ, ಗಂಗೋತ್ರಿ ಅದನ್ನು ಕನ್ನಡದಲ್ಲಿ ಹೇಳುವಾಗ ಎರ್ರಣ್ಣನೂ ಪಂಚೆ ಎತ್ತಿ ಕಟ್ಟಿದ, ಐವತ್ತೆರಡರ ಮನುಷ್ಯ, ಚೆಂಡಿನ ಹಿಂದೆ ಓಡಿ ಕಾಲುವೆಯ ಕೆಸರಿನಲ್ಲಿ ಬಿದ್ದ, ಎದ್ದು ನಕ್ಕ, ಅಣ್ಣತಮ್ಮಂದಿರ ಪಾಲಾದ ಮೇಲೆ ಅವನು ನಕ್ಕಿದ್ದನ್ನು ಆವತ್ತೇ ನೋಡಿದ್ದು — ಮತ್ತೆ ಮೂರು ವಾರದ ಕೆಳಗೆ ಕುರುಗೋಡು, ಗಂಡನ ಮನೆಯ ಊರು, ಅಲ್ಲಿಗೆ ಹೋಗದಿದ್ದರೇ ಚೆನ್ನಾಗಿತ್ತು, ಅಲ್ಲ, ಹಾಗನ್ನಬಾರದು, ದೊಡ್ಡಬಸವೇಶ್ವರನ ಮುಂದೆ ನಿಂತು ಆ ಹುಡುಗಿ ಬಸವಣ್ಣನ ಮುಖ ನೋಡಲಿಕ್ಕೆ ಕತ್ತೆತ್ತಿದ್ದು ಹಾಗನ್ನಿಸಿಕೊಳ್ಳುವ ಸಂಗತಿಯಲ್ಲ, ಶ್ರಾವಣದ ಮೊದಲ ಸೋಮವಾರ ಅದು, ಅಮ್ಮ ಯಾಕೆ ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಂತ ಗಂಗೋತ್ರಿಯನ್ನು ಕೇಳಿತು, ಚನ್ನವೀರಮ್ಮ ಹೇಳಿದಳು, ಹೇಳುವಾಗ ಕೊರಳು ಸ್ವಲ್ಪ ಎತ್ತರವೇ ಆಗಿತ್ತು, ಅತ್ತೆ ಹಂಪಮ್ಮ ಹಿಡಿಸಿದ ಒಪ್ಪತ್ತು, ಮೂವತ್ತೊಂದು ವರ್ಷ, ಒಂದು ಸೋಮವಾರ ಮುರಿದಿಲ್ಲ, ಡೆಂಗಿ ಬಂದು ಮಲಗಿದಾಗಲೂ ದೀಪ ಹಚ್ಚುವವರೆಗೆ ಗಂಜಿ ಮುಟ್ಟಿಲ್ಲ — ನಾನೂ ಇರುತ್ತೇನೆ ಅಂದಿತು ಹುಡುಗಿ, ನಿನ್ನ ಜೊತೆ, ನಾಲ್ಕು ಸೋಮವಾರ, ನೀನು ತಿಂದಾಗ ನಾನು ತಿನ್ನುತ್ತೇನೆ.

ಬ್ಯಾಡವಾ, ನೀ ಓಡಾಡಾಕಿ, ಅನ್ನಬೇಕಿತ್ತು, ಒಂದು ಸಲ ಅಂದಳು ಕೂಡ, ಮೆಲ್ಲಗೆ, ಅಂದಂತೆ ಮಾಡಿ ಬಿಟ್ಟಳು, ಯಾಕೆಂದರೆ ಮನಸ್ಸು ಆಗಲೇ ಬ್ರೂಸ್‌ಪೇಟೆಗೆ ಓಡಿತ್ತು, ಶ್ರೀಶೈಲಕ್ಕೆ ಮೂರು ಸಲ ನಡೆದುಕೊಂಡು ಹೋಗಿಬಂದ ವೀರಭದ್ರಮ್ಮನ ಮುಖದ ಮುಂದೆ ಹೋಗಿ ನಿಂತಿತ್ತು, ನೀನು ನಡೆದು ಹೋದೆಯಲ್ಲ, ನನ್ನ ಮನೆಗೆ ಅಮೆರಿಕವೇ ಬಂದು ಒಪ್ಪತ್ತು ಹಿಡಿಯಿತು ನೋಡು — ಬಸ್ಸಿಳಿದವಳು ಚಪ್ಪಲಿ ಬಿಡುವ ಮೊದಲು ಹೇಳಿದಳು, ಸಂಜೆಗೆ ಓಣಿಗೆಲ್ಲ ಗೊತ್ತಾಯಿತು, ಎರಡನೇ ಸೋಮವಾರ ಹೆಂಗಸರು ವಿಭೂತಿ ಹಿಡಿದುಕೊಂಡು ಬಂದರು, ಹೂ ಮುಡಿಸಿದರು, ಫೋಟೋ ತೆಗೆಸಿಕೊಂಡರು, ಹಸಿವೇನವಾ ಅಂದರೆ ಹುಡುಗಿ ನಕ್ಕಿತು, ಇಲ್ಲ ಇಲ್ಲ ಅಂದಿತು, ಕಲಿತ ಕನ್ನಡದಲ್ಲಿ, ಬೆಳಿಗ್ಗೆ ಎರಡು ತಾಸು ಓಡಿ ಬಂದಿತ್ತು, ಕೆನ್ನೆ ಒಳಗೆ ಹೋಗಿತ್ತು, ಆ ಕೆನ್ನೆ ತನಗೆ ಕಾಣಲಿಲ್ಲವೇ, ಕಂಡಿತ್ತು, ವ್ರತದ ಕಳೆ ಅಂದುಕೊಂಡಳು, ಅಂದುಕೊಂಡು ಹಿಗ್ಗಿದಳು, ಥೂ — ಮೂರನೇ ಸೋಮವಾರ ಮ್ಯಾಚು, ಹೋದ ವಾರ, ಇದೇ ಮೈದಾನ, ಗಂಗೋತ್ರಿ ಚೆಂಡು ತಂದುಕೊಟ್ಟಳು, ಎದುರಿಗೆ ಗೋಲು ಬಿಟ್ಟರೆ ಯಾರಿಲ್ಲ, ಸಣ್ಣ ಕೂಸೂ ಹೊಡೆಯುವಂಥದ್ದು, ಜೆನ್ನಾ ಕಾಲೆತ್ತಿದಳು, ಕಾಲು ಚೆಂಡಿನ ಮೇಲಿಂದ ಹಾಯ್ದು ಹೋಯಿತು, ಹಾಗೇ ಮೊಣಕಾಲೂರಿ ಕೂತಳು, ಎದ್ದಳು, ಮತ್ತೆ ಕೂತಳು, ಕೋಚ್ ವಿಜಯಕುಮಾರ ಕೈಬೀಸಿ ಹೊರಗೆ ಕರೆದ, ತಂಡ ಸೋತಿತು, ಮೈಗಳ್ಳಿ ಅಂದನಂತೆ, ಹನ್ನೆರಡು ಗೋಲಿನ ಸೊಕ್ಕು ಅಂದನಂತೆ, ಯಾಕೆ ಹೀಗಾಯಿತು ಅಂತ ಕೇಳಿದ್ದಕ್ಕೆ ಹುಡುಗಿ ತುಟಿ ಬಿಚ್ಚಲಿಲ್ಲವಂತೆ, ಚನ್ನವೀರಮ್ಮನಿಗೂ ಹೇಳಿದ್ದು ಕಾಲು ಉಳುಕಿತು ಅಂತಲೇ, ಕೊಬ್ಬರಿ ಎಣ್ಣೆ ಕಾಯಿಸಿ ತಿಕ್ಕಿದ್ದಳಲ್ಲ ಪೆದ್ದಿ, ಉಳುಕದ ಕಾಲಿಗೆ — ಇವತ್ತು ಬೆಳಿಗ್ಗೆ, ಹೆಂಚಿನ ಮೇಲೆ ಮೊದಲ ರೊಟ್ಟಿ ಇರುವಾಗ, ಗಂಗೋತ್ರಿ ಒಲೆಯ ಪಕ್ಕ ಬಂದು ಕೂತಳು, ಹೇಳಬ್ಯಾಡ ಅಂದಾಳ ಅಕಿ, ಆದ್ರೂ ಹೇಳ್ತೀನಿ ಅಮ್ಮಾ, ಅವತ್ತು ಅಕಿಗೆ ಕಣ್ಣು ಕತ್ತಲಿ ಬಂದಿತ್ತು, ಹೊಟ್ಟ್ಯಾಗ ಏನಿದ್ದಿಲ್ಲ, ಇವತ್ತೂ ಇಲ್ಲ. ರೊಟ್ಟಿ ಸೀದು ಹೊಗೆ ಬಂದಿತ್ತು.

ಚನ್ನವೀರಮ್ಮ ರೊಟ್ಟಿ ಹಿಡಿದು ಮೇಲಿನ ಕೋಣೆಗೆ ಹೋಗಿ ತಿನ್ನವಾ ಅಂದಳು, ಕೈಮುಗಿದಳು, ಹುಡುಗಿ ಆಕೆಯ ಎರಡೂ ಕೈ ಹಿಡಿದುಕೊಂಡು ನಕ್ಕಿತು, ನೀನು ತಿಂದೆಯಾ ಅಮ್ಮಾ, ಅಂದಿತು, ಇಲ್ಲ ಅಂದರೆ ತಾನೂ ಇಲ್ಲವಂತೆ, ಆಗ ಒಂದು ತುತ್ತು ತಾನು ಬಾಯಿಗಿಟ್ಟುಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಆ ಕೋಣೆಯಲ್ಲಿ, ಓಣಿಯವರು ಯಾರೂ ನೋಡುತ್ತಿರಲಿಲ್ಲ, ಕೈ ಏಳಲಿಲ್ಲ, ಮೂವತ್ತೊಂದು ವರ್ಷ ಕೈಯನ್ನು ಹಿಡಿದುಕೊಂಡಿತ್ತು, ಅತ್ತೆ ಹಂಪಮ್ಮ ಹಿಡಿದುಕೊಂಡಿದ್ದಳು, ಸಂಜೆ ಇಬ್ಬರೂ ಕೂಡಿ ತಿಂದರಾಯಿತೆಂದು ಡಬ್ಬಿ ಕಟ್ಟಿಕೊಂಡು ಬಂದಳು, ಸಂಜೆ ಆಗುವ ಹೊತ್ತಿಗೆ ಆ ಬಿಳಿ ಟೋಪಿ ಎದ್ದು ಹೋಗಿರುತ್ತದೆ — ಸೀಟಿ, ಉದ್ದಕ್ಕೆ, ಅರ್ಧ ಆಟ ಮುಗಿಯಿತು, ಎರಡೂ ಕಡೆ ಸೊನ್ನೆ, ಹುಡುಗಿಯರು ಬೆಂಚಿನ ಕಡೆ ನೀರಿಗೆ ಬರುತ್ತಿದ್ದಾರೆ, ಬಿಳಿ ಟೋಪಿಯವನು ಪುಸ್ತಕ ಮುಚ್ಚಿ ಗಡಿಯಾರ ನೋಡಿಕೊಂಡ, ಆ ನೋಟ ಚನ್ನವೀರಮ್ಮನ ಎದೆಗೆ ಬಂದು ತಾಗಿತು, ಎದ್ದು ನಿಂತಳು, ಎಲ್ಲಿಗವಾ ಅಂದಳು ವೀರಭದ್ರಮ್ಮ, ಚನ್ನವೀರಮ್ಮ ಆಗಲೇ ಮೆಟ್ಟಿಲು ಇಳಿಯುತ್ತಿದ್ದಾಳೆ, ಮಂಡಿ ಕಿರ್ರೆನ್ನುತ್ತಿದೆ, ತಂತಿಬೇಲಿಯ ಗೇಟಿನಲ್ಲಿ ಕಾವಲುಗಾರ ಅಂಜಿನೇಯ, ಒಳಗ ಬಿಡಂಗಿಲ್ಲಮ್ಮಾ ಅಂದ, ಆಕೆ ಅವನ ಮುಖ ನೋಡಿದಳು, ಏಳು ವರ್ಷದಿಂದ ಮಧ್ಯಾಹ್ನದ ಊಟಕ್ಕೆ ಎರಡು ರೊಟ್ಟಿ ಹೆಚ್ಚಿಗೆ ಹಾಕಿಸಿಕೊಂಡ ಮುಖ, ಅವನು ಗೇಟು ಬಿಟ್ಟ, ಹಿಂದೆ ಬಳೆಗಳ ಸದ್ದು, ಓಣಿಯ ಹೆಂಗಸರೂ ಇಳಿದು ಬಂದು ಬೇಲಿಗೆ ಆತು ನಿಂತಿದ್ದಾರೆ, ಬರಲಿ, ಕೇಳಲಿ, ಕೇಳಬೇಕಾದವರು ಅವರೇ.

ವಿಜಯಕುಮಾರ ಹಲಗೆಯ ಮೇಲೆ ಬಾಣದ ಗುರುತು ಹಾಕುತ್ತಿದ್ದ, ಏನಮ್ಮಾ ಈಗ ಅಂದ, ಸಿಟ್ಟಿನಲ್ಲೇ, ಅವನೂ ಪಾಪ ಸೋಲಿನ ಹುಡುಗ, ಕುಡತಿನಿಯವನು, ಊಟಕ್ಕೆ ಬಂದರೆ ತಲೆಯೆತ್ತದೆ ತಿಂದು ಹೋಗುವವನು — ಅಕಿ ತಪ್ಪಲ್ಲ ಸರ, ತಪ್ಪು ನಂದು, ಅಂದಳು ಚನ್ನವೀರಮ್ಮ, ದನಿ ತಾನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿಯೇ ಬಂತು, ಸೋಮವಾರ ಅಕಿನ್ನ ಉಪಾಸ ಕೆಡವಿದಾಕಿ ನಾನು, ಹೊಟ್ಟಿ ಖಾಲಿ ಇಟ್ಟುಕೊಂಡು ಆಡ್ಯಾಳ, ನಾಕು ಮಂದಿ ಮುಂದ ನನ್ನ ಹೆಸರು ಆಗಲಿ ಅಂತ ನಾ ಸುಮ್ನಿದ್ದೆ — ಬೇಲಿಯ ಹತ್ತಿರ ಬಳೆಗಳು ನಿಂತವು, ವಿಜಯಕುಮಾರ ಜೆನ್ನಾಳ ಕಡೆ ತಿರುಗಿದ, ಇಂಗ್ಲಿಷಿನಲ್ಲಿ ಏನೋ ಕೇಳಿದ, ಹುಡುಗಿ ತಲೆ ತಗ್ಗಿಸಿ ಸಣ್ಣಗೆ ಏನೋ ಹೇಳಿತು, ಏನಂದ್ಳು ಏನಂದ್ಳು ಅಂದಳು ಚನ್ನವೀರಮ್ಮ, ಗಂಗೋತ್ರಿ ಮೂಗೆಳೆದುಕೊಂಡು ಹೇಳಿದಳು, ಅಮ್ಮ ಓಣಿಗೆಲ್ಲ ಹೇಳ್ಕೊಂಡಾಳ, ಅಮ್ಮನ ಮಾತು ಕೆಳಗ ಬೀಳಬಾರದು ಅಂತ ಸುಮ್ನಿದ್ನಿ, ಅಂತಾಳ — ಒಂದು ವಾರ ಬೈಸಿಕೊಂಡಿದ್ದು ಇದಕ್ಕೆ, ಮೈಗಳ್ಳಿ ಅನ್ನಿಸಿಕೊಂಡಿದ್ದು ಇದಕ್ಕೆ, ಪೋರ್ಚುಗಲ್ಲನ್ನೇ ಬಿಡಲಿಕ್ಕೆ ಹೊರಟಿದ್ದು ಇದಕ್ಕೆ, ತನ್ನ ಒಂದು ಬಡಿವಾರದ ಮಾತಿಗೆ, ಹೊಟ್ಟೆಯಲ್ಲಿ ಹುಟ್ಟಿದವರೂ ಇಷ್ಟು ಕಾಯುವುದಿಲ್ಲ — ಕೈ ತಾನಾಗಿ ಡಬ್ಬಿಯ ಮುಚ್ಚಳ ತೆಗೆಯಿತು, ಬಟ್ಟೆ ಬಿಡಿಸಿತು, ರೊಟ್ಟಿ ಮುರಿಯಿತು, ಇನ್ನೂ ದೀಪ ಹಚ್ಚಿಲ್ಲಲ್ಲವಾ ಅಂತ ವೀರಭದ್ರಮ್ಮನ ದನಿ, ಹೌದು, ಹಚ್ಚಿಲ್ಲ, ಹೊತ್ತು ಇನ್ನೂ ಗುಡ್ಡದ ಮೇಲಿದೆ, ಬಳ್ಳಾರಿ ಗುಡ್ಡ ನೋಡುತ್ತಿದೆ, ಓಣಿ ನೋಡುತ್ತಿದೆ, ಅತ್ತೆ ಎಲ್ಲಿಂದಲೋ ನೋಡುತ್ತಿದ್ದಾಳೆ, ನೋಡಲಿ, ಬಾಯಿಗಿಟ್ಟುಕೊಂಡಳು, ಅಗಿದಳು, ಎಲ್ಲರಿಗೂ ಕಾಣುವ ಹಾಗೆ ಅಗಿದಳು, ಮೂವತ್ತೊಂದು ವರ್ಷಕ್ಕೆ ಉಪ್ಪಿನ ರುಚಿಯೇ ಇತ್ತು, ಬೇರೇನೂ ಇರಲಿಲ್ಲ, ನುಂಗಿದಳು — ನಾ ತಿಂದೆ. ಈಗ ನೀ ತಿನ್ನು.

ಹುಡುಗಿ ಆಕೆಯನ್ನೇ ನೋಡಿತು, ಆಮೇಲೆ ಕೈಯಿಂದ ರೊಟ್ಟಿ ಕಿತ್ತುಕೊಂಡಿತು, ಹಿಂಡಿ ಹಚ್ಚಿದ್ದೂ ಇಲ್ಲ, ಬೆಲ್ಲದ ಚೂರು ಮಾತ್ರ ಮಡಿಸಿಟ್ಟುಕೊಂಡು ತುರುಕಿಕೊಂಡಿತು, ಮೊದಲ ದಿನದ ಹಾಗೆಯೇ, ಎಷ್ಟು ಹಸಿದಿತ್ತೋ ಕೂಸು, ಮೆಲ್ಲಕ ಮೆಲ್ಲಕ, ಗಂಟಲಿಗೆ ಸಿಗಬಿದ್ದೀತು, ವಿಜಯಕುಮಾರ ಗ್ಲುಕೋಸಿನ ನೀರು ತಾನೇ ಬಗ್ಗಿ ಕೊಟ್ಟ, ಚನ್ನವೀರಮ್ಮನ ಕಡೆ ನೋಡಲಿಲ್ಲ, ನೋಡದೆಯೇ ಅಂದ, ಮೊದಲೇ ನನಗೊಂದು ಮಾತು ಹೇಳೋದಲ್ಲೇನಮ್ಮಾ — ಸೀಟಿ, ಕರೆಯುತ್ತಿದ್ದಾರೆ, ಅವನು ಜೆನ್ನಾಳ ಹಳದಿ ಬನಿಯನ್ನನ್ನು ತಲೆಯ ಮೇಲಿಂದ ಎಳೆದು ತೆಗೆದ, ಹಿಂದೆ ಒಂಬತ್ತು, ಬೆಳ್ಳಗೆ, ಹೋಗು ಅಂದ, ಕೊನೆಯ ತುಂಡು ಇನ್ನೂ ಬಾಯಲ್ಲಿ, ಓಡಿಯೇಬಿಟ್ಟಿತು, ಗೆರೆ ದಾಟಿತು, ಒಂದು ಕೆನ್ನೆ ಉಬ್ಬಿಸಿಕೊಂಡು, ರೆಫರಿಗೆ ಕಂಡರೆ ಏನಂದಾನೋ, ಬಿಳಿ ಟೋಪಿಯವನು ಪುಸ್ತಕ ತೆರೆದ, ತೆರಿಯಪ್ಪಾ ತೆರಿ, ಬರ್ಕೋ, ಬ್ರೂಸ್‌ಪೇಟೆ ಚನ್ನವೀರಮ್ಮನ ಮನಿಯಾಕಿ ಅಂತ ಬರ್ಕೋ — ಇನ್ನೂ ಒಂದು ನಿಮಿಷ ಆಗಿಲ್ಲ, ಗಂಗೋತ್ರಿ ಎಡಗಡೆಯಿಂದ ಚೆಂಡು ಒಯ್ಯುತ್ತಿದ್ದಾಳೆ, ಒಬ್ಬಳನ್ನು ದಾಟಿದಳು, ಒಂಬತ್ತು ಓಡುತ್ತಿದೆ, ಆಫ್‌ಸೈಡ್ ಅಲ್ಲ, ಅಲ್ಲ, ಸರಿಯಾಗಿದೆ, ಚೆಂಡು ಬಂತು, ಕಾಲೆತ್ತಿದಳು, ಧೂಳು, ಬಲೆ ಅಲ್ಲಾಡಿತು, ಮೆಟ್ಟಿಲಿನ ಜನ ಎದ್ದು ನಿಂತರು, ವೀರಭದ್ರಮ್ಮ ಬೇಲಿಯ ಆಚೆಯಿಂದ ಕೈ ತೂರಿಸಿ ಚನ್ನವೀರಮ್ಮನ ಭುಜ ಹಿಡಿದು ಜಗ್ಗುತ್ತಿದ್ದಾಳೆ, ಏನೋ ಕೂಗುತ್ತಿದ್ದಾಳೆ, ಕಿವಿಗೆ ಬೀಳುತ್ತಿಲ್ಲ, ಗಂಗೋತ್ರಿ ಆ ಹುಡುಗಿಯ ಕೊರಳಿಗೆ ಜೋತು ಬಿದ್ದಿದ್ದಾಳೆ, ಮತ್ತಿಬ್ಬರು, ಮತ್ತೊಬ್ಬಳು, ಅಷ್ಟು ತಲೆಗಳ ನಡುವೆ ಒಂದು ಸಂದಿ, ಸಂದಿಯಲ್ಲಿ ಒಂದು ಕೆನ್ನೆ, ಉಬ್ಬಿದ ಕೆನ್ನೆ, ಅಗಿಯುತ್ತಿದೆ, ಇನ್ನೂ ಅಗಿಯುತ್ತಿದೆ ಆ ಕೆನ್ನೆ.